ಸಿಎಂ4 ಕ್ಯಾರಿಯರ್ ಬೋರ್ಡಿಗೆ ಗಿಗಾಬಿಟ್ ಈಥರ್ನೆಟ್: ಎಡವುವುದು ಸೆಂಟರ್ ಟ್ಯಾಪ್‌ನಲ್ಲಿ

ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4ರಲ್ಲಿ (ಸಿಎಂ4) ಈಥರ್ನೆಟ್ ಫೈ ಚಿಪ್, ಅಂದರೆ ಡೇಟಾವನ್ನು ಕೇಬಲ್ಲಿನ ಸಿಗ್ನಲ್ ಮಾಡುವ ಚಿಪ್, ಮಾಡ್ಯೂಲಿನ ಮೇಲೇ ಇದೆ. ಮಾಡ್ಯೂಲ್ ಕೂರುವ ಕ್ಯಾರಿಯರ್ ಬೋರ್ಡಿನಲ್ಲಿ ನಮ್ಮ ಪಾಲಿಗೆ ಉಳಿಯುವುದು ನಾಲ್ಕು ಜೋಡಿ ಟ್ರೇಸ್ (ತಾಮ್ರದ ಗೆರೆ), ಒಂದು ಮ್ಯಾಗ್‌ಜ್ಯಾಕ್ (ಟ್ರಾನ್ಸ್‌ಫಾರ್ಮರ್ ಒಳಗೇ ಇರುವ ಈಥರ್ನೆಟ್ ಜ್ಯಾಕ್), ಚಿಲ್ಲರೆ ಕೆಪಾಸಿಟರ್‌ಗಳು. ಕೆಡಿಸಿಕೊಳ್ಳಲು ಇಷ್ಟೇ ಸಾಕು.

ನಾನು ಜ್ಯಾಕ್ ಆರಿಸದೆ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಶುರು ಮಾಡುವುದಿಲ್ಲ. ಡೇಟಾಶೀಟಿನಲ್ಲಿ ಮೊದಲು ನೋಡುವುದು ಒಳಗಿನ ಸರ್ಕ್ಯೂಟ್ ಚಿತ್ರ. ನಾಲ್ಕೂ ಟ್ರಾನ್ಸ್‌ಫಾರ್ಮರ್ 1:1 ಇರಬೇಕು. ಫೈ ಕಡೆಯ ನಾಲ್ಕು ಸೆಂಟರ್ ಟ್ಯಾಪ್ (ಸುರುಳಿಯ ಮಧ್ಯದಿಂದ ತೆಗೆದ ತಂತಿ) ಬೇರೆ ಬೇರೆ ಪಿನ್ನಿಗೆ ಬಂದಿರಬೇಕು. ಒಳಗೇ ಸೇರಿಸಿ ಒಂದೇ ಪಿನ್ ಕೊಟ್ಟಿದ್ದರೆ ಆ ಜ್ಯಾಕ್ ಬೇಡ: ಎಲ್ಲ ಜೋಡಿಗಳ ಕಾಮನ್ ಮೋಡ್ ವೋಲ್ಟೇಜ್ (ಜೋಡಿಯ ಎರಡೂ ತಂತಿಗೆ ಸಮಾನವಾದ ವೋಲ್ಟೇಜ್) ಒಂದೇ ಇರಬೇಕೆಂದಿಲ್ಲ, ಹೆಚ್ಚುಕಮ್ಮಿಯಾದರೆ ಜೋಡಿಯಿಂದ ಜೋಡಿಗೆ ಕರೆಂಟ್ ಹರಿಯುತ್ತದೆ. ಪ್ರತಿ ಟ್ಯಾಪಿಗೂ ಅದರದೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಲ್ಲಿಂದ ಗ್ರೌಂಡ್. ಟ್ಯಾಪನ್ನು 3.3 ವೋಲ್ಟಿಗೆ ಕಟ್ಟುವುದು ಲ್ಯಾನ್8720ಯಂಥ 10/100 ಚಿಪ್‌ಗಳ ಪದ್ಧತಿ. ಹಳೆಯ ಸ್ಕೀಮ್ಯಾಟಿಕ್ ನಕಲು ಮಾಡಿದಾಗ ಅದೂ ಜೊತೆಗೆ ಬಂದುಬಿಡುತ್ತದೆ. ಕೇಬಲ್ ಕಡೆಯ 75 ಓಮ್ ರೆಸಿಸ್ಟರ್‌ಗಳೂ 1000 ಪಿಕೋಫ್ಯಾರಡ್, 2 ಕಿಲೋವೋಲ್ಟ್ ಕೆಪಾಸಿಟರೂ ಹೆಚ್ಚಿನ ಮ್ಯಾಗ್‌ಜ್ಯಾಕ್‌ಗಳಲ್ಲಿ ಒಳಗೇ ಇರುತ್ತವೆ. ಇದ್ದರೆ ಹೊರಗೆ ಮತ್ತೆ ಹಾಕುವುದು ದಂಡ.

ಮಾಡ್ಯೂಲಿನ ಸಿಂಬಲ್ ಬರೆಯುವಾಗ ಪಿನ್ ಕ್ರಮ ಗಮನಿಸಿ. ಜೋಡಿ 1 ಮತ್ತು 3ರಲ್ಲಿ ಪಾಸಿಟಿವ್ ಮೊದಲು, 0 ಮತ್ತು 2ರಲ್ಲಿ ನೆಗೆಟಿವ್ ಮೊದಲು. ಎಣಿಕೆ ಇಲ್ಲಿ 0ಯಿಂದ. ಜ್ಯಾಕ್ ಡೇಟಾಶೀಟಿನಲ್ಲಿ 1ರಿಂದಲೂ ಇರಬಹುದು.

ಟ್ರೇಸ್ 100 ಓಮ್ ಡಿಫರೆನ್ಷಿಯಲ್ (ಜೋಡಿಯ ಎರಡು ಗೆರೆಗಳ ನಡುವಿನ ಇಂಪಿಡೆನ್ಸ್), ಕೆಳಗೆ ಎಲ್ಲೂ ಕಡಿಯದ ಗ್ರೌಂಡ್ ಪ್ಲೇನ್. ಅಗಲ, ಅಂತರ ಎಷ್ಟೆಂದು ಬೋರ್ಡ್ ಮಾಡಿಕೊಡುವವರ ಲೇಯರ್ ದಪ್ಪ ಕೇಳಿಯೇ ಲೆಕ್ಕ ಹಾಕಬೇಕು. ಒಂದು ಜೋಡಿಯೊಳಗಿನ ಉದ್ದದ ವ್ಯತ್ಯಾಸ 0.15 ಮಿ.ಮೀ. ಒಳಗಿರಲಿ. ಜೋಡಿ-ಜೋಡಿಗಳ ನಡುವೆ 50 ಮಿ.ಮೀ.ವರೆಗೂ ನಡೆಯುತ್ತದೆ, ಹಾಗಾಗಿ ನಾಲ್ಕನ್ನೂ ಸಮ ಮಾಡಲು ಹಾವಿನಂತೆ ಸುತ್ತಿಸುವ ಶ್ರಮ ವ್ಯರ್ಥ. ಸ್ಥಿರವಿದ್ಯುತ್ ತಡೆಯುವ ಡಯೋಡ್ ಜ್ಯಾಕ್ ಮತ್ತು ಮಾಡ್ಯೂಲ್ ನಡುವೆ, ಜ್ಯಾಕಿಗೆ ಹತ್ತಿರ. ಕೆಪಾಸಿಟನ್ಸ್ 1 ಪಿಕೋಫ್ಯಾರಡ್ ಮೀರಿದ್ದನ್ನು ನಾನು ಬಳಸುವುದಿಲ್ಲ. ಟ್ರಾನ್ಸ್‌ಫಾರ್ಮರ್ ಭಾಗದ ಕೆಳಗೆ ಯಾವ ಲೇಯರಿನಲ್ಲೂ ತಾಮ್ರ ಬೇಡ. ಅಲ್ಲಿ 1500 ವೋಲ್ಟ್ ಪ್ರತ್ಯೇಕತೆ ಉಳಿಯಬೇಕು.

ಬೋರ್ಡ್ ಬಂದ ಮೇಲೆ ಬಹುಸಾಮಾನ್ಯ ದೂರು, ಲಿಂಕ್ ಬರುತ್ತದೆ ಆದರೆ 100 ಮೆಗಾಬಿಟ್‌ಗೇ ನಿಲ್ಲುತ್ತದೆ. ಆ ವೇಗಕ್ಕೆ ಜ್ಯಾಕಿನ 1-2, 3-6 ಪಿನ್ ಜೋಡಿಗಳು ಸಾಕು. ಹಾಗಾದರೆ 4-5 ಅಥವಾ 7-8 ಎಲ್ಲೋ ಕಡಿದಿದೆ. ಮೊದಲು ಕೇಬಲ್ ಬದಲಿಸಿ. ಆಮೇಲೆ ಮಾಡ್ಯೂಲ್ ತೆಗೆದು, ಡಯೋಡಿನ ಪ್ಯಾಡ್‌ಗಳಲ್ಲಿ ಪ್ರತಿ ಜೋಡಿಯ ಎರಡು ತಂತಿಗಳ ನಡುವೆ ಮೀಟರ್ ಇಡಿ. ಟ್ರಾನ್ಸ್‌ಫಾರ್ಮರ್ ಸುರುಳಿಯಿಂದಾಗಿ ಒಂದೆರಡು ಓಮ್ ತೋರಿಸಬೇಕು. ಓಪನ್ ಬಂದರೆ ಜ್ಯಾಕ್ ಕಡೆ ಬೆಸುಗೆ ಹಿಡಿದಿಲ್ಲ. ನಾಲ್ಕೂ ಸರಿಯಿದ್ದರೆ ಅನುಮಾನ ಮಾಡ್ಯೂಲ್ ಕನೆಕ್ಟರಿನ ಮೇಲೆ. ಪಿನ್ನಿಂದ ಪಿನ್ನಿಗೆ ಅಂತರ (ಪಿಚ್) 0.4 ಮಿ.ಮೀ. ಆದ್ದರಿಂದ ಅದನ್ನು ಭೂತಗನ್ನಡಿಯಲ್ಲೇ ನೋಡಬೇಕು.

ಲಿಂಕ್ ವೇಗ ಹೇಳುವ ಇತ್‌ಟೂಲ್ ಕಮಾಂಡ್ 1000 ತೋರಿಸಿದ ಮೇಲೆ, ನಿಜವಾದ ವೇಗ ಅಳೆಯುವ ಐಪರ್ಫ್3 ಎರಡೂ ದಿಕ್ಕಿನಲ್ಲಿ ಓಡಿಸುತ್ತೇನೆ. ಸುಮಾರು 940 ಮೆಗಾಬಿಟ್ ಬರಬೇಕು, ಎರರ್ ಎಣಿಕೆ ಸೊನ್ನೆಯಲ್ಲೇ ಇರಬೇಕು.