ಬೀರುವಿನ ಕೆಳಗಿನ ಅರೆ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಕಚೇರಿ ಎಂದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ. ಅದರಲ್ಲೊಂದು ಕಬ್ಬಿಣದ ಬೀರು. ಮೇಲಿನ ಅರೆಗಳಲ್ಲಿ ಕಪ್ಪುಗಳು, ಕೆಳಗಿನ ಅರೆಯಲ್ಲಿ ಹುಡುಗರ ಜನನ ಪ್ರಮಾಣಪತ್ರಗಳ ಕಡತ. ಎಂಟು ವರ್ಷಗಳ ಹಿಂದೆ ತರಬೇತುದಾರನಾಗಿ ಬೀಗದ ಕೈ ಪಡೆದ ದಿನ ನಾನು ಮೊದಲು ತೆಗೆದದ್ದು ಆ ಕಡತವನ್ನು. ಹದಿಮೂರು ವರ್ಷದೊಳಗಿನವರ ತಂಡದಲ್ಲಿ ಇಪ್ಪತ್ತಾರು ಹುಡುಗರಿದ್ದರು. ಒಬ್ಬನಿಗೆ ಎರಡು ಪ್ರಮಾಣಪತ್ರಗಳಿದ್ದವು, ಎರಡಕ್ಕೂ ಮೂರು ವರ್ಷಗಳ ಅಂತರ. ಇನ್ನೊಬ್ಬ ಕಾಗದದ ಪ್ರಕಾರ ತನ್ನ ಸ್ವಂತ ತಂಗಿಗಿಂತ ನಾಲ್ಕೇ ತಿಂಗಳು ದೊಡ್ಡವನು. ಗೋಲ್‌ಕೀಪರ್‌ನ ಮೇಲ್ದುಟಿಯ ಮೇಲೆ ಆಗಲೇ ಮೀಸೆ ಕಪ್ಪಾಗಿತ್ತು.

ಅದನ್ನು ನೋಡಿ ನಾನು ಬೆಚ್ಚಿಬಿದ್ದೆ ಎಂದರೆ ಸುಳ್ಳಾಗುತ್ತದೆ. ಹದಿನಾರು ತುಂಬಿದ ಮೇಲೆ ನಾನೇ ಹದಿನಾಲ್ಕರ ಒಳಗಿನವರ ಟೂರ್ನಿಯಲ್ಲಿ ಆಡಿದವನು. ಅದರಲ್ಲಿ ನನಗೆ ಸಿಕ್ಕ ಅತ್ಯುತ್ತಮ ಆಟಗಾರನ ಕಪ್ಪು ಅದೇ ಬೀರುವಿನಲ್ಲಿತ್ತು. ನಾನು ಆಡಿದ್ದರಿಂದ ಹೊರಗೆ ಕುಳಿತ ಹದಿಮೂರರ ಹುಡುಗ ಯಾರು ಎನ್ನುವುದು ನನಗೆ ಇವತ್ತಿಗೂ ನೆನಪಿದೆ. ಅವನು ಮರುವರ್ಷ ಆಟ ಬಿಟ್ಟ. ಎಡಗಾಲಿನಲ್ಲಿ ಅವನಷ್ಟು ಮೃದುವಾಗಿ ಚೆಂಡು ತಡೆಯುವವರನ್ನು ನಮ್ಮ ಮೈದಾನದಲ್ಲಿ ನಾನು ಆಮೇಲೆ ಕಂಡಿಲ್ಲ.

ನಮ್ಮದು ಬೆಂಗಳೂರಿನಲ್ಲಿ ಹಲಸೂರಿನ ಕಡೆಯ ಬಡಾವಣೆ. ಈ ಭಾಗದಲ್ಲಿ ಫುಟ್‌ಬಾಲ್ ಎಂದರೆ ಮನೆತನದ ಮಾತು. ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯ ಹಳೆಯ ಟೂರ್ನಿಯಾದ ರೋವರ್ಸ್ ಕಪ್ ಗೆದ್ದಾಗ ಆ ಕಪ್ಪು ಮೊದಲ ಬಾರಿಗೆ ಭಾರತೀಯ ತಂಡವೊಂದರ ಕೈ ಸೇರಿತ್ತು. ಮರುವರ್ಷವೂ ಅವರೇ ಗೆದ್ದರು. ಬರಿಗಾಲಿನಲ್ಲಿ ಎದುರಾಳಿಗಳನ್ನು ತಬ್ಬಿಬ್ಬುಗೊಳಿಸಿದ ಅಹ್ಮದ್ ಖಾನ್ ಈ ಊರಿನವರು, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ನನ್ನ ತಂದೆಯ ಕಾಲಕ್ಕೆ ಈ ಆಟ ಅನ್ನವನ್ನೂ ಕೊಡುತ್ತಿತ್ತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಬಡಾವಣೆಯ ಹುಡುಗರನ್ನು ಕರೆದು ಕೆಲಸ ಕೊಡುತ್ತಿದ್ದವು. ಚೆನ್ನಾಗಿ ಆಡಿದರೆ ಪಿಂಚಣಿಯ ನೌಕರಿ. ಆ ಬಾಗಿಲುಗಳು ಒಂದೊಂದಾಗಿ ಕಿರಿದಾದಂತೆ ಅಪ್ಪಂದಿರು ಕಾಗದದಲ್ಲಿ ಮಕ್ಕಳ ವಯಸ್ಸನ್ನು ಕಡಿಮೆ ಮಾಡತೊಡಗಿದರು. ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಬರೆಸಿದರೆ ಮಗನಿಗೆ ಆಯ್ಕೆಯಾಗಲು ಎರಡು ವರ್ಷ ಹೆಚ್ಚಿಗೆ ಸಿಗುತ್ತದೆ ಎಂಬ ಲೆಕ್ಕ. ದುರಾಸೆಗಿಂತ ಹೆಚ್ಚಾಗಿ ಭಯ ಅವರಿಂದ ಇದನ್ನು ಮಾಡಿಸಿತು ಎಂದು ನಾನು ನಂಬುತ್ತೇನೆ. ತಪ್ಪು ದಿನಾಂಕಗಳೆಲ್ಲ ಮೋಸವೂ ಅಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಬಿಟ್ಟ ಜನ ನಮ್ಮ ರಾಜ್ಯದಲ್ಲಿ ಎಷ್ಟಿಲ್ಲ! ಆದರೆ ನಮ್ಮ ಕಡತದಲ್ಲಿದ್ದದ್ದು ಜೂನ್ 1ರ ಮುಗ್ಧತೆಯಲ್ಲ.

ನಾನು ಬರುವ ಹಿಂದಿನ ವರ್ಷ ನಮ್ಮ ಹುಡುಗನೊಬ್ಬ ದೊಡ್ಡ ಆಯ್ಕೆಯೊಂದರ ಕೊನೆಯ ಹಂತದವರೆಗೆ ಹೋಗಿದ್ದ. ಅಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದರು. ಟಿಡಬ್ಲ್ಯೂ3 ಎಂಬ ಆ ಪರೀಕ್ಷೆಯಲ್ಲಿ ಅಂಗೈ ಮತ್ತು ಮಣಿಕಟ್ಟಿನ ಎಳೆಯ ಮೂಳೆಗಳು ಎಷ್ಟು ಬಲಿತಿವೆ, ಅವುಗಳ ತುದಿಗಳು ಎಷ್ಟು ಕೂಡಿಕೊಂಡಿವೆ ಎಂದು ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಹುಡುಗ ಚೀಲ ಹೊತ್ತು ಮನೆಗೆ ಬಂದ. ಮತ್ತೆ ಮೈದಾನದ ಕಡೆ ಮುಖ ಹಾಕಲಿಲ್ಲ. ಅವನಿಗೆ ಸುಳ್ಳು ಹೇಳಲು ಕಲಿಸಿದ್ದು ನಮ್ಮ ಕ್ಲಬ್ಬು, ಅವಮಾನವನ್ನು ಒಬ್ಬನೇ ನುಂಗಿದವನು ಅವನು.

ಆದ್ದರಿಂದ ಎಲ್ಲಕ್ಕಿಂತ ಮೊದಲು ವಯಸ್ಸನ್ನು ಸರಿಮಾಡಬೇಕು ಎಂದು ನಿಶ್ಚಯಿಸಿದೆ. ಶಿಸ್ತು, ಸಮಯಪಾಲನೆ, ಸಮವಸ್ತ್ರ ಎಲ್ಲ ಆಮೇಲೆ. ಕಾಗದದಲ್ಲಿ ಸುಳ್ಳು ಬರೆಸಿದ ಕ್ಲಬ್ಬು ಹುಡುಗನಿಗೆ ಆರು ಗಂಟೆಗೆ ಬಾ ಎಂದು ಯಾವ ಬಾಯಲ್ಲಿ ಹೇಳುತ್ತದೆ?

ಒಂದು ಭಾನುವಾರ ತಂದೆ ತಾಯಂದಿರನ್ನು ಕರೆದೆ. ಯಾರ ಹೆಸರನ್ನೂ ಎತ್ತಲಿಲ್ಲ. ನನ್ನ ಕಪ್ಪನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟು ಅದು ಹೇಗೆ ಬಂತು ಎಂದು ಹೇಳಿದೆ. ಇನ್ನು ಹದಿನೈದು ದಿನ ಅವಕಾಶವಿದೆ, ನಿಜವಾದ ವಯಸ್ಸು ಹೇಳಿದವರನ್ನು ಯಾರೂ ಏನೂ ಕೇಳುವುದಿಲ್ಲ, ಹುಡುಗ ತನ್ನ ವಯಸ್ಸಿನ ಗುಂಪಿಗೆ ಹೋಗುತ್ತಾನೆ ಅಷ್ಟೇ ಎಂದೆ. ಒಬ್ಬ ತಾಯಿ ಎದ್ದು, ‘ಬೇರೆ ಕ್ಲಬ್ಬಿನವರು ನಿಲ್ಲಿಸುತ್ತಾರೆಯೇ?’ ಎಂದು ಕೇಳಿದರು. ಇಲ್ಲ ಎಂದೆ. ‘ಹಾಗಾದರೆ ನಮ್ಮ ಮಕ್ಕಳು ಏಟು ತಿನ್ನಬೇಕೇ?’ ಹೌದು, ಎರಡು ವರ್ಷ ತಿನ್ನಬೇಕಾಗುತ್ತದೆ ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಇಪ್ಪತ್ತಾರರಲ್ಲಿ ಹದಿನಾಲ್ಕು ಹುಡುಗರು ನಿಜ ಹೇಳಿದರು ಅಥವಾ ಮೊದಲಿನಿಂದಲೂ ನಿಜವಾಗಿಯೇ ಇದ್ದರು. ಹನ್ನೆರಡು ಮಂದಿ ಕ್ಲಬ್ಬು ಬಿಟ್ಟರು. ಅವರಲ್ಲಿ ಏಳು ಮಂದಿ ಮೊದಲ ಹನ್ನೊಂದರ ಆಟಗಾರರು.

ಆ ಋತುವಿನ ಮೊದಲ ಪಂದ್ಯವನ್ನು ನಾವು 9–0ರಿಂದ ಸೋತೆವು. ಎದುರು ತಂಡದಲ್ಲಿ ನಮ್ಮಿಂದಲೇ ಹೋದ ಇಬ್ಬರಿದ್ದರು. ಆಟ ಮುಗಿದ ಮೇಲೆ ನಮ್ಮ ಮಕ್ಕಳು ಅಳುತ್ತಾ ಕುಳಿತಿದ್ದರು, ಕಮಿಟಿಯ ಹಿರಿಯರು ನನ್ನ ಮುಖ ನೋಡದೆ ಹೋದರು. ಆ ವಾರ ನನ್ನನ್ನು ತೆಗೆದುಹಾಕುವ ಮಾತೂ ನಡೆಯಿತು. ಉಳಿಸಿದವರು ಕಾರ್ಖಾನೆ ತಂಡವೊಂದರಲ್ಲಿ ಇಪ್ಪತ್ತು ವರ್ಷ ಆಡಿ ನಿವೃತ್ತರಾದ ಹಿರಿಯರೊಬ್ಬರು. ಅವರು ಸಭೆಯಲ್ಲಿ ಹೆಚ್ಚು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದು ಬೇಲಿಯ ಪಕ್ಕ ಕುರ್ಚಿ ಹಾಕಿ ಕುಳಿತರು. ಆಮೇಲೆ ದಿನವೂ ಬಂದರು. ಅವರು ಅಲ್ಲಿ ಕುಳಿತಿರುವವರೆಗೆ ನನ್ನನ್ನು ಯಾರೂ ಏನೂ ಮಾಡುವಂತಿರಲಿಲ್ಲ.

ತರಬೇತಿಯನ್ನು ಬದಲಾಯಿಸುವುದು ಇದಕ್ಕಿಂತ ಸುಲಭವಾಗಿತ್ತು. ಮೊದಲು ಇಡೀ ಮೈದಾನದಲ್ಲಿ ಹನ್ನೊಂದು ಹನ್ನೊಂದು ಮಂದಿ ಆಡುತ್ತಿದ್ದರು. ಚಿಕ್ಕವನೊಬ್ಬನಿಗೆ ಅರ್ಧ ಗಂಟೆಯಲ್ಲಿ ಚೆಂಡು ಸಿಗುತ್ತಿದ್ದುದು ನಾಲ್ಕೋ ಐದೋ ಸಲ. ನಾನು ಕುಳಿತು ಎಣಿಸಿದ್ದೆ. ನಾಲ್ಕು ನಾಲ್ಕು ಮಂದಿಯ ಸಣ್ಣ ಆಟಗಳಿಗೆ ಮೈದಾನವನ್ನು ಸುಣ್ಣ ಎಳೆದು ಹಂಚಿದಾಗ ಅದೇ ಹುಡುಗ ಅಷ್ಟೇ ಹೊತ್ತಿನಲ್ಲಿ ಐವತ್ತು ಸಲ ಚೆಂಡು ಮುಟ್ಟಿದ. ಐದನೆಯ ಅಳತೆಯ ದೊಡ್ಡ ಚೆಂಡುಗಳನ್ನು ಸೀನಿಯರ್‌ಗಳಿಗೆ ಬಿಟ್ಟು ಹನ್ನೆರಡರ ಮಕ್ಕಳಿಗೆ ನಾಲ್ಕನೆಯ ಅಳತೆಯವನ್ನು ತಂದೆ. ಪಂದ್ಯಕ್ಕೆ ಹೆಸರು ಕೊಟ್ಟ ಪ್ರತಿಯೊಬ್ಬನೂ ಕನಿಷ್ಠ ಅರ್ಧ ಪಂದ್ಯ ಆಡಲೇಬೇಕು ಎಂದು ನಿಯಮ ಮಾಡಿದೆ. ಗೆಲ್ಲುವ ಪಂದ್ಯಗಳನ್ನು ಇದರಿಂದ ಸೋತಿದ್ದೇವೆ, ಆದರೂ ಆ ನಿಯಮವನ್ನು ಮುರಿದಿಲ್ಲ.

ಮೈದಾನದ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮಕ್ಕಳ ಮನೆಗಳಲ್ಲಿ ತಮಿಳು, ಉರ್ದು, ಕನ್ನಡ, ತೆಲುಗು. ಬೆನ್ನ ಹಿಂದೆ ಎದುರಾಳಿ ಬರುತ್ತಿದ್ದಾನೆ ಎಂದು ಜೊತೆಗಾರನನ್ನು ಎಚ್ಚರಿಸಬೇಕಾದಾಗ ಒಬ್ಬೊಬ್ಬ ಒಂದೊಂದು ರೀತಿ ಕೂಗುತ್ತಿದ್ದ. ಕೂಗು ಅರ್ಥವಾಗುವಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು. ಹುಡುಗರೇ ಚರ್ಚಿಸಿ ಒಂದೇ ಪದ ಆರಿಸಿಕೊಳ್ಳಲಿ ಎಂದೆ. ಅವರು ‘ಆಳು’ ಎಂದು ಆರಿಸಿದರು. ತಮಿಳಿನವನಿಗೂ ಕನ್ನಡದವನಿಗೂ ಅದು ಮನೆಯ ಮಾತು, ಉಳಿದವರಿಗೆ ಒಂದೇ ದಿನದಲ್ಲಿ ಬಂತು. ಪಂದ್ಯದಲ್ಲಿ ‘ಆಳು, ಆಳು’ ಎಂಬ ಕೂಗು ಕೇಳಿದಾಗಲೆಲ್ಲ ನನಗೆ ಹಿಗ್ಗಾಗುತ್ತದೆ. ಜೊತೆಗಾರನ ಬೆನ್ನಿಗೆ ಕಣ್ಣಾಗುವುದನ್ನು ಅವರು ತಾವೇ ಕಂಡುಕೊಂಡ ಪದದಲ್ಲಿ ಮಾಡುತ್ತಿದ್ದಾರೆ.

ಸೀನಿಯರ್‌ಗಳದು ಬೇರೆ ಕಥೆ. ಮೊದಲೆಲ್ಲ ಅವರ ಬೂಟು ಒರೆಸುವುದು, ಚೀಲ ಹೊರುವುದು, ಬೀಡಾ ತರುವುದು ಚಿಕ್ಕವರ ಕೆಲಸವಾಗಿತ್ತು. ನಾನೂ ಮಾಡಿದ್ದೆ. ನಾನು ಭಾಷಣ ಮಾಡಲಿಲ್ಲ, ಗೋಲಿನ ಬಲೆ ಕಟ್ಟುವ ಮತ್ತು ಬಿಚ್ಚುವ ಕೆಲಸವನ್ನು ಸೀನಿಯರ್ ತಂಡದ ನಾಯಕನಿಗೆ ವಹಿಸಿದೆ. ಅವನು ಮೂರು ವಾರ ಮುಖ ಊದಿಸಿಕೊಂಡಿದ್ದ. ನಾಲ್ಕನೆಯ ವಾರ ಇಬ್ಬರು ಚಿಕ್ಕವರು ತಾವಾಗಿ ಹೋಗಿ ಬಲೆಯ ಇನ್ನೊಂದು ತುದಿ ಹಿಡಿದರು. ಈಗ ಒಬ್ಬೊಬ್ಬ ಸೀನಿಯರ್‌ಗೆ ಇಬ್ಬರು ಚಿಕ್ಕವರ ಹೊಣೆ ಇದೆ: ಬೂಟು ಇದೆಯೇ, ಶಾಲೆಗೆ ಹೋಗುತ್ತಿದ್ದಾನೆಯೇ, ಮನೆಯಲ್ಲಿ ಏನು ನಡೆಯುತ್ತಿದೆ. ಕಾಲು ಬೆಳೆದು ಬಿಗಿಯಾದ ಬೂಟುಗಳನ್ನು ಬೀರುವಿನ ಕೆಳಗಿನ ಅರೆಯಲ್ಲಿಡುತ್ತೇವೆ, ಬೇಕಾದವನು ತೆಗೆದುಕೊಳ್ಳುತ್ತಾನೆ. ಕಡತಕ್ಕೆ ಈಗ ಅಲ್ಲಿ ಜಾಗವಿಲ್ಲ.

ನನ್ನಿಂದ ಆದ ತಪ್ಪನ್ನೂ ಹೇಳಬೇಕು. ಹದಿಮೂರು ವರ್ಷದ ಹುಡುಗನೊಬ್ಬ ಮಂಡಿಯ ಕೆಳಗಿನ ಮೂಳೆಯುಬ್ಬಿನಲ್ಲಿ ನೋವು ಎನ್ನುತ್ತಿದ್ದ. ಬಿಡುವು ಬೇಡುವ ನೆಪ ಎಂದುಕೊಂಡು ಎರಡು ತಿಂಗಳು ಓಡಿಸಿದೆ. ಕೊನೆಗೆ ಅವನ ತಾಯಿ ಆಸ್ಪತ್ರೆಗೆ ಕರೆದೊಯ್ದಾಗ, ವೇಗವಾಗಿ ಎತ್ತರ ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಎಳೆಯ ಮೂಳೆಯ ಜಾಗವನ್ನು ಜಗ್ಗಿ ಹೀಗಾಗುತ್ತದೆ ಎಂದು ವೈದ್ಯರು ವಿವರಿಸಿದರು. ಆಸ್‌ಗುಡ್-ಶ್ಲಾಟರ್ ಎಂಬ ಹೆಸರನ್ನು ನಾನು ಅಂದು ಮೊದಲು ಕೇಳಿದೆ. ಓಟ, ನೆಗೆತ ಕಡಿಮೆ ಮಾಡಿದರೆ ಸಾಕಿತ್ತು. ಆ ತಾಯಿಯ ಮುಂದೆ ನಿಂತು ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿ ತಿಂಗಳ ಮೊದಲ ಶನಿವಾರ ಎಲ್ಲರ ಎತ್ತರವನ್ನು ಗೋಡೆಗೆ ನಿಲ್ಲಿಸಿ ಗುರುತು ಹಾಕುತ್ತೇವೆ. ಇದ್ದಕ್ಕಿದ್ದಂತೆ ಉದ್ದವಾದವನಿಗೆ ಕೆಲಸ ಕಡಿಮೆ.

ಆ ಗೋಡೆ ನನಗೆ ಇನ್ನೊಂದನ್ನು ತೋರಿಸಿತು. ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ಹತ್ತಿರಹತ್ತಿರ ಒಂದು ವರ್ಷದ ವ್ಯತ್ಯಾಸ. ನಿಜವಾದ ವಯಸ್ಸಿನ ತಂಡ ಕಟ್ಟಿದ ಮೇಲೂ ನಾನು ಆರಿಸುತ್ತಿದ್ದವರಲ್ಲಿ ಹೆಚ್ಚಿನವರು ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು, ಗೋಡೆಯಲ್ಲಿ ಎತ್ತರದ ಗುರುತು ಬಿದ್ದವರು. ಎತ್ತರವನ್ನು ಪ್ರತಿಭೆ ಎಂದು ತಪ್ಪಾಗಿ ಓದುತ್ತಿದ್ದೆ. ಆಮೇಲೆ ವಾರದಲ್ಲಿ ಒಂದು ದಿನ ವಯಸ್ಸು ನೋಡದೆ ಎತ್ತರ, ತೂಕ ನೋಡಿ ಗುಂಪು ಮಾಡತೊಡಗಿದೆ. ನವೆಂಬರಿನಲ್ಲಿ ಹುಟ್ಟಿದ ಸಣಕಲ ಹುಡುಗನೊಬ್ಬ ತನ್ನಷ್ಟೇ ಗಾತ್ರದವರ ನಡುವೆ ನಿಂತಾಗ ಆಟ ಅವನ ಸುತ್ತ ತಿರುಗತೊಡಗಿತು. ತಲೆಯೆತ್ತಿ ನೋಡಿ, ಚೆಂಡು ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ತಿಳಿದಿರುವವನ ಹಾಗೆ ಆಡುತ್ತಿದ್ದ. ನಾಲ್ಕು ವರ್ಷ ಕಾದೆವು. ಹದಿನೇಳಕ್ಕೆ ಅವನ ಮೈ ಬಲಿಯಿತು. ಹೋದ ವರ್ಷ ಮೇಲಿನ ಡಿವಿಷನ್‌ನ ತಂಡವೊಂದು ಕರೆದುಕೊಂಡಿತು. ಅಶೋಕನಗರದ ಸ್ಟೇಡಿಯಂನಲ್ಲಿ ಅವನ ಮೊದಲ ಪಂದ್ಯಕ್ಕೆ ನಮ್ಮ ನಲವತ್ತು ಮಕ್ಕಳು ಹೋಗಿದ್ದರು. ಬೇಲಿಯ ಪಕ್ಕದ ಹಿರಿಯರಿಗೆ ಈಗ ನಡೆಯುವುದು ಕಷ್ಟ, ಆಟೋದಲ್ಲಿ ಬಂದರು.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಇದಕ್ಕೂ ಮೊದಲು ಕೊನೆಯ ಬಾರಿ ಗೆದ್ದದ್ದು 1968–69ರಲ್ಲಿ, ಆಗ ನಮ್ಮ ರಾಜ್ಯದ ಹೆಸರು ಮೈಸೂರು. ಆ ರಾತ್ರಿ ಕ್ಲಬ್ಬಿನ ಕೋಣೆಯಲ್ಲಿ ಒಂದು ಮೊಬೈಲ್‌ನ ಸುತ್ತ ಮೂವತ್ತು ತಲೆಗಳು. ಹಿರಿಯರು ಹಳೆಯ ಗೆಲುವಿನ ಕಾಲದ ಆಟಗಾರರ ಹೆಸರುಗಳನ್ನು ಹೇಳುತ್ತಾ ಹೋದರು, ಮಕ್ಕಳು ಕೇಳಿಸಿಕೊಂಡರು.

ಈ ಜೂನ್‌ನಲ್ಲಿ ಹೊಸ ಹುಡುಗರ ಆಯ್ಕೆ ಇತ್ತು. ಹದಿಮೂರರೊಳಗಿನ ಗುಂಪಿಗೆಂದು ಒಬ್ಬ ತಂದೆ ಮಗನನ್ನು ಕರೆತಂದರು. ನನ್ನ ಹೆಗಲಿನಷ್ಟು ಎತ್ತರದ ಹುಡುಗ, ಬಲವಾದ ಕಾಲುಗಳು. ತಂದೆ ಪ್ಲಾಸ್ಟಿಕ್ ಹೊದಿಕೆಯಿಂದ ಪ್ರಮಾಣಪತ್ರ ತೆಗೆಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹನ್ನೆರಡು ವರ್ಷದ ನಾಯಕಿ ಹುಡುಗನನ್ನು ಕೇಳಿದಳು: ‘ನೀನು ಎಷ್ಟನೆಯ ತರಗತಿ?’

ಹುಡುಗ ತಂದೆಯ ಕಡೆ ನೋಡಿದ. ‘ಹತ್ತು’ ಎಂದ.

‘ಹಾಗಾದರೆ ನಿನ್ನವರು ಅಲ್ಲಿದ್ದಾರೆ, ಬಾ’ ಎಂದು ಅವಳು ಅವನನ್ನು ಮೈದಾನದ ಆ ತುದಿಗೆ ಕರೆದುಕೊಂಡು ಹೋದಳು. ತಂದೆ ಕಾಗದವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು, ಆಮೇಲೆ ಮಡಚಿ ಜೇಬಿಗೆ ಹಾಕಿಕೊಂಡರು. ಹುಡುಗ ದೊಡ್ಡವರ ಗುಂಪಿನಲ್ಲಿ ಇನ್ನೂ ಮೊದಲ ಹನ್ನೊಂದಕ್ಕೆ ಬಂದಿಲ್ಲ. ಬೆಳಿಗ್ಗೆ ಆರಕ್ಕೆ ಬರುತ್ತಿದ್ದಾನೆ.