ಗುರುತು ಮಾಯವಾದ ಸೆಕೆಂಡಿನಿಂದ ಸಕ್ರಿಯಣ ಶಕ್ತಿಗೆ

ವಿಜಯಪುರದ ಏಪ್ರಿಲ್ ಮಧ್ಯಾಹ್ನ ಲ್ಯಾಬಿನ ‘ಕೋಣೆಯ ಉಷ್ಣತೆ’ ಪುಸ್ತಕದ 25 ಡಿಗ್ರಿಯಲ್ಲಿ ಇರುವುದಿಲ್ಲ. ಮಾಳಿಗೆ ಮೇಲಿನ ಟಾಕಿಯ ನೀರಂತೂ ಕೈಗೆ ಚುರ್ ಎನ್ನುತ್ತದೆ. ಹಾಗಾಗಿ ಥಯೋಸಲ್ಫೇಟ್ ಮತ್ತು ಆಮ್ಲದ ಕ್ರಿಯೆಯ ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ಕಣಗಳು ದಾಟಬೇಕಾದ ಶಕ್ತಿಯ ತಡೆ) ಅಳೆಯುವ ಈ ಪ್ರಯೋಗವನ್ನು ಬೆಳಿಗ್ಗೆಯೇ ಹಿಡಿಯಿರಿ. ತಣ್ಣೀರು ಬೇಕಾದರೆ ರಂಜಣಿಗೆಯದೇ ಸಾಕು.

ಲೀಟರಿಗೆ 24.8 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳು ಕರಗಿಸಿದರೆ 0.1 ಮೋಲಾರ್ ದ್ರಾವಣ. ಕೋನಿಕಲ್ ಫ್ಲಾಸ್ಕಿಗೆ ಅದರಲ್ಲಿ 20 ಮಿ.ಲೀ., ನೀರು 30 ಮಿ.ಲೀ. ಬೇರೆ ಟೆಸ್ಟ್ ಟ್ಯೂಬಿನಲ್ಲಿ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 5 ಮಿ.ಲೀ. ಎರಡನ್ನೂ ಒಂದೇ ಬಿಸಿನೀರ ತೊಟ್ಟಿಯಲ್ಲಿ ಐದು ನಿಮಿಷ ಇಡಿ. ತಣ್ಣನೆಯ ಆಮ್ಲ ಸುರಿದರೆ ಅಲ್ಲಿಗೇ ಲೆಕ್ಕ ಕೆಟ್ಟಿತು.

ಹಾಳೆಯ ಮೇಲೆ ಪೆನ್ನಿನಿಂದ ಗುಣಿಸು ಚಿಹ್ನೆ ಬರೆದು ಫ್ಲಾಸ್ಕ್ ಇಡಿ. ಆಮ್ಲ ಸುರಿದು, ಒಮ್ಮೆ ಅಲುಗಾಡಿಸಿ, ಸ್ಟಾಪ್‌ವಾಚ್ ಒತ್ತಿ. ಗಂಧಕ ಕೂಡಿ ದ್ರಾವಣ ಹಾಲಿನಂತಾಗುತ್ತದೆ. ನೇರ ಮೇಲಿನಿಂದ ನೋಡುತ್ತಿದ್ದು, ಗುರುತು ಕಾಣದಾದ ಕ್ಷಣ ನಿಲ್ಲಿಸಿ. ನೋಡುವವರು ಕೊನೆಯವರೆಗೂ ಒಬ್ಬರೇ ಇರಲಿ. ಕಣ್ಣು ಬದಲಾದರೆ ಸೆಕೆಂಡೂ ಬದಲಾಗುತ್ತದೆ. ಉಷ್ಣತೆ ಅಳೆಯಬೇಕಾದದ್ದು ಫ್ಲಾಸ್ಕಿನೊಳಗೆ, ತೊಟ್ಟಿಯಲ್ಲಲ್ಲ: ಮೊದಲು, ಕೊನೆಗೆ ಅಳೆದು ಸರಾಸರಿ ತೆಗೆಯಿರಿ. ಸಲ್ಫರ್ ಡೈಆಕ್ಸೈಡ್ ಏಳುವುದರಿಂದ ಕಿಟಕಿ ತೆರೆದಿರಲಿ, 50 ಡಿಗ್ರಿ ಮೀರಬೇಡಿ. ಮುಗಿದ ದ್ರಾವಣವನ್ನು ಕೂಡಲೇ ವಾಷಿಂಗ್ ಸೋಡಾ ನೀರಿಗೆ ಸುರಿಯಿರಿ.

ಉದಾಹರಣೆಗೆ 30, 35, 40, 45, 50 ಡಿಗ್ರಿಗೆ 58, 42, 31, 23, 17 ಸೆಕೆಂಡು ಬಂದವೆನ್ನಿ. ಪ್ರತಿ ಸಲ ಕೂಡುವ ಗಂಧಕ ಅಷ್ಟೇ ಆದ್ದರಿಂದ ವೇಗ ಎಂದರೆ 1 ಭಾಗಿಸು ಸಮಯ. 58 ಅನ್ನು 17ರಿಂದ ಭಾಗಿಸಿದರೆ 3.41; ಅದರ ಸ್ವಾಭಾವಿಕ ಲಾಗ್ 1.227. ಕೆಲ್ವಿನ್‌ನಲ್ಲಿ (ಸೆಲ್ಸಿಯಸ್ಸಿಗೆ 273 ಕೂಡಿಸಿ) 1/303ರಿಂದ 1/323 ಕಳೆದರೆ 0.0002044. ಈಗ 8.314 (ಅನಿಲ ಸ್ಥಿರಾಂಕ) × 1.227 ÷ 0.0002044: ಸಕ್ರಿಯಣ ಶಕ್ತಿ ಮೋಲಿಗೆ ಸುಮಾರು 50 ಕಿಲೋಜೂಲ್. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಅರ್ಹೇನಿಯಸ್ 1889ರಲ್ಲಿ ಮುಂದಿಟ್ಟ, ವೇಗವನ್ನು ಉಷ್ಣತೆಗೆ ಬೆಸೆಯುವ ಸಮೀಕರಣದ ಬಳಕೆ ಇಷ್ಟೇ.

ಉತ್ತರ 0.77 ಬಂದರೆ ಸೆಲ್ಸಿಯಸ್ಸನ್ನೇ ಹಾಕಿದ್ದೀರಿ. 22ರ ಹತ್ತಿರ ಬಂದರೆ 10ರ ಲಾಗ್ ತೆಗೆದು 2.303ರಿಂದ ಗುಣಿಸುವುದು ಮರೆತಿದೆ. ಇವು ಸುಲಭವಾಗಿ ಸಿಗುವ ತಪ್ಪುಗಳು. ಸಿಗದೇ ಕಾಡುವುದು ಬಿಸಿ ಕಡೆಯ ಸೆಕೆಂಡು: 17ರ ಬದಲು 16 ಓದಿದರೆ ಉತ್ತರ 52.4, 18 ಓದಿದರೆ 47.6. ಅದಕ್ಕೇ ಎರಡೇ ಬಿಂದು ನೆಚ್ಚದೆ, ಐದೂ ಬಿಂದುಗಳಿಗೆ 1/ಸಮಯದ ಸ್ವಾಭಾವಿಕ ಲಾಗನ್ನು 1/ಕೆಲ್ವಿನ್ ಎದುರು ಗ್ರಾಫಿನಲ್ಲಿ ಗುರುತಿಸಿ ನೇರ ಗೆರೆ ಎಳೆಯಿರಿ. ಇಳಿಜಾರು ಸುಮಾರು −6000. ಋಣ ಚಿಹ್ನೆ ಬಿಟ್ಟು 8.314ರಿಂದ ಗುಣಿಸಿ. 50 ಡಿಗ್ರಿಯ ಬಿಂದು ಗೆರೆಯಿಂದ ಕೆಳಗೆ ಜಾರಿದ್ದರೆ, ಫ್ಲಾಸ್ಕ್ ಹೊರಗೆ ತಂದ ಮೇಲೆ ಆರಿದೆ ಎಂದೇ ಮೊದಲು ಶಂಕಿಸಿ.

‘ಹತ್ತು ಡಿಗ್ರಿಗೆ ವೇಗ ದುಪ್ಪಟ್ಟು’ ಎಂಬ ಮಾತು ಹೆಚ್ಚುಕಡಿಮೆ ನಿಜವಾಗುವುದು ಈ 50ರ ಆಸುಪಾಸಿನಲ್ಲಿ ಮಾತ್ರ. ಆಮ್ಲದಲ್ಲಿ ಸಕ್ಕರೆ ಒಡೆಯುವ ಕ್ರಿಯೆಗೆ ಇದು 108ರ ಸುಮಾರು. 30ರಿಂದ 40ಕ್ಕೆ ಏರಿದರೆ ವೇಗ ನಾಲ್ಕು ಪಟ್ಟಾಗುತ್ತದೆ. ಮಹಾಲಿಂಗಪುರದ ಕಡೆ ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕುದಿಯುವ ಮೊದಲೇ ಸುಣ್ಣದ ತಿಳಿ ಹಾಕಿ, ಬಿಸಿಯಲ್ಲಿ ಸಕ್ಕರೆ ಒಡೆಯದಂತೆ ಹುಳಿ ಇಳಿಸುವ ಲೆಕ್ಕವೂ ಇದೇ.