ಮನೆಯೊಳಗಿನ ಫಲೆನಾಪ್ಸಿಸ್ ಮತ್ತೆ ಹೂ ಬಿಡುವಂತೆ ಮಾಡಿದ ಬಗೆ

ನರ್ಸರಿಯಿಂದ ಹೂವಿನ ಸಮೇತ ಮನೆಗೆ ಬರುವ ಫಲೆನಾಪ್ಸಿಸ್ ಆರ್ಕಿಡ್ ಎರಡು ಮೂರು ತಿಂಗಳು ಎಲ್ಲರ ಕಣ್ಣಿಗೂ ಹಬ್ಬವಾಗಿ, ಕೊನೆಯ ಹೂ ಉದುರಿದ ಮೇಲೆ ನಾಲ್ಕೈದು ದಪ್ಪ ಎಲೆಗಳ ಗಿಡವಾಗಿ ಉಳಿದುಬಿಡುತ್ತದೆ. ಹೊಸ ಎಲೆ ಬರುತ್ತದೆ, ಬೇರು ಕುಂಡದಾಚೆಗೆ ಚಾಚುತ್ತದೆ, ಹೂ ಮಾತ್ರ ಬರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಪಶ್ಚಿಮದ ಬಿಸಿಲು ಹೊಡೆಯುವ ಬಾಲ್ಕನಿ ಬಿಟ್ಟರೆ ಬೇರೆ ಜಾಗವಿಲ್ಲದ ಕಾರಣ ಈ ಗಿಡಗಳನ್ನು ಮನೆಯೊಳಗೇ ಬೆಳೆಸುತ್ತಿರುವ ನಾನು, ಕೆಲವು ವರ್ಷಗಳಿಂದ ಪ್ರತಿ ಚಳಿಗಾಲದಲ್ಲೂ ಹೂದಂಟು ಕಾಣುತ್ತಿದ್ದೇನೆ. ಇದರಲ್ಲಿ ಗೊಬ್ಬರದ ಪಾಲು ತೀರ ಚಿಕ್ಕದು. ಬೆಳಕು ಮತ್ತು ಹಗಲಿನ ಉಷ್ಣಾಂಶ, ಇವೆರಡೂ ಒಂದೇ ಅವಧಿಯಲ್ಲಿ ಕೂಡಿಬರುವಂತೆ ನೋಡಿಕೊಳ್ಳುವುದೇ ಮುಖ್ಯವಾದ ಕೆಲಸ.

ಫಿಲಿಪ್ಪೀನ್ಸ್, ಇಂಡೋನೇಷ್ಯಾ, ತೈವಾನ್ ಕಡೆಯ ಕಾಡುಗಳಲ್ಲಿ ಇದು ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುತ್ತದೆ. ಮಲೆನಾಡಿನ ಹಲಸು, ಮಾವಿನ ಮರಗಳ ಮೇಲೆ ಸೀತಾಳೆ ದಂಡೆಯನ್ನು ಕಂಡವರಿಗೆ ಈ ಬಗೆಯ ಬದುಕು ಹೊಸದಲ್ಲ. ಬಂದಳಿಕೆಯಂತೆ ಮರದ ಸಾರವನ್ನು ಹೀರದೆ, ಗಾಳಿಯ ತೇವವನ್ನೂ ಕಾಂಡದ ಮೇಲೆ ಇಳಿಯುವ ಮಳೆನೀರನ್ನೂ ನೆಚ್ಚಿಕೊಂಡ ಗಿಡವಾದ್ದರಿಂದ ಇದರ ಬೇರಿಗೆ ಮಣ್ಣು ಒಗ್ಗುವುದಿಲ್ಲ. ಪೈನ್ ಮರದ ತೊಗಟೆಯ ಚೂರು ಮತ್ತು ಇದ್ದಿಲನ್ನು ಬೆರೆಸಿ, ಬದಿಯಲ್ಲೂ ತೂತುಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡಕ್ಕೆ ತುಂಬುತ್ತೇನೆ. ಬೇರಿನ ಬಣ್ಣವನ್ನು ಹೊರಗಿನಿಂದಲೇ ನೋಡಬಹುದಾದ್ದರಿಂದ ಇಂಥ ಕುಂಡ ಅನುಕೂಲ: ಒದ್ದೆಯಿದ್ದಾಗ ಹಸಿರಾಗಿರುವ ಬೇರು ಒಣಗಿದಾಗ ಬೂದುಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ನೀರು ಹಾಕಬೇಕಾದದ್ದು ಆಗ ಮಾತ್ರ.

ಫಲೆನಾಪ್ಸಿಸ್ ನೆರಳಿನ ಗಿಡವೆಂಬ ಮಾತನ್ನು ನಂಬಿ ಅದನ್ನು ಟಿ.ವಿ. ಪಕ್ಕದಲ್ಲೋ ಊಟದ ಮೇಜಿನ ಮೇಲೋ ಇಟ್ಟವರ ಮನೆಯಲ್ಲಿ ಅದು ಬದುಕಿರುತ್ತದೆ, ಆದರೆ ಹೂ ಬಿಡುವಷ್ಟು ಶಕ್ತಿಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಕೋಣೆಯ ನಡುವೆ ಬೆಳಕಿನ ಪ್ರಮಾಣ ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್ ಹಿಡಿದರೆ ಕೆಲವೇ ನೂರು ತೋರಿಸುತ್ತದೆ; ಈ ಗಿಡಕ್ಕೆ 10,000ದಿಂದ 15,000 ಲಕ್ಸ್ ಇದ್ದರೆ ಒಳ್ಳೆಯದು. ಪೂರ್ವದ ಕಿಟಕಿಗೆ ತೆಳುವಾದ ಬಿಳಿ ಪರದೆ ಕಟ್ಟಿ, ಗಾಜಿನಿಂದ ಒಂದಡಿಯೊಳಗೆ ಗಿಡಗಳನ್ನು ಇಟ್ಟಿದ್ದೇನೆ. ಸಾಕಷ್ಟು ಬೆಳಕು ಸಿಕ್ಕಿದೆಯೇ ಎಂಬುದನ್ನು ಎಲೆಯೇ ತಿಳಿಸುತ್ತದೆ. ಕಡುಹಸಿರು ಎಲೆ ನೋಡಲು ಚೆಂದವಾದರೂ ಬೆಳಕಿನ ಕೊರತೆಯನ್ನು ತೋರಿಸುತ್ತದೆ, ತುಸು ಹಳದಿ ಬೆರೆತ ತಿಳಿಹಸಿರಿದ್ದರೆ ಸರಿ, ಅಂಚು ಕೆಂಪಾಗತೊಡಗಿದರೆ ಪರದೆಯನ್ನು ಇನ್ನಷ್ಟು ಎಳೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿರುವ ದಿನಗಳಲ್ಲಿ, 20 ವಾಟ್‌ನ ಸಾಮಾನ್ಯ ಎಲ್‌ಇಡಿ ಟ್ಯೂಬ್‌ಲೈಟನ್ನು ಎಲೆಗಳಿಂದ ಒಂದಡಿ ಮೇಲೆ ತೂಗುಹಾಕಿ ದಿನಕ್ಕೆ 12 ಗಂಟೆ ಉರಿಸುತ್ತೇನೆ. ದುಬಾರಿ ನೇರಳೆ ದೀಪಗಳ ಅಗತ್ಯ ನನಗೆ ಕಂಡುಬಂದಿಲ್ಲ.

ಇನ್ನು ಉಷ್ಣಾಂಶದ ವಿಷಯ. ರಾತ್ರಿ ತಂಪಾದರೆ ಫಲೆನಾಪ್ಸಿಸ್ ಹೂ ಬಿಡುತ್ತದೆ ಎಂದು ಗಿಡ ಬೆಳೆಸುವವರೆಲ್ಲ ಹೇಳುತ್ತಾರೆ. ಹಾಗಿದ್ದರೆ ಒಂದೇ ಮನೆಯಲ್ಲಿ, ಒಂದೇ ಚಳಿಯಲ್ಲಿ, ಪೂರ್ವದ ಕೋಣೆಯ ಗಿಡಗಳು ದಂಟು ಬಿಟ್ಟು ಪಶ್ಚಿಮದ ಕೋಣೆಯವು ಎಲೆಯನ್ನಷ್ಟೇ ಬಿಡುವುದು ಏಕೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ದಾಖಲಿಸುವ ಥರ್ಮಾಮೀಟರನ್ನು ಎರಡೂ ಕೋಣೆಗಳಲ್ಲಿ ಇಟ್ಟು ನೋಡಿದಾಗ ರಾತ್ರಿಯ ಅಂಕಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ; ಮಧ್ಯಾಹ್ನದ ಹೊತ್ತಿಗೆ ಮಾತ್ರ ಪೂರ್ವದ ಕೋಣೆ 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಪಶ್ಚಿಮದ್ದು 29, 30ಕ್ಕೆ ಏರುತ್ತಿತ್ತು. ಇದಕ್ಕೆ ವಿವರಣೆ ಸಿಕ್ಕಿದ್ದು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ಲಾಂಚರ್ಡ್ ಮತ್ತು ರಂಕಲ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಅವರು ಪರೀಕ್ಷಿಸಿದ ತಳಿಗಳಲ್ಲಿ ಹೂದಂಟನ್ನು ನಿಯಂತ್ರಿಸಿದ್ದು ರಾತ್ರಿಯ ಉಷ್ಣಾಂಶವಲ್ಲ, ಹಗಲಿನದು. ಹಗಲು 29 ಡಿಗ್ರಿ ಇದ್ದರೆ ರಾತ್ರಿ ಎಷ್ಟು ತಂಪಾದರೂ ದಂಟು ಹೊರಡುವುದಕ್ಕೆ ತಡೆಯುಂಟಾಗುತ್ತಿತ್ತು. ಅಲ್ಲಿಂದೀಚೆಗೆ ಅಕ್ಟೋಬರ್ ಹೊತ್ತಿಗೆ ಎಲ್ಲ ಕುಂಡಗಳನ್ನೂ ಪೂರ್ವದ ಕೋಣೆಗೆ ಸಾಗಿಸಿ, ಮಧ್ಯಾಹ್ನ ಅಡ್ಡಗಾಳಿ ಆಡುವಂತೆ ಕಿಟಕಿ ತೆರೆದಿಟ್ಟು, ಹಗಲಿನ ಉಷ್ಣಾಂಶ 26 ಡಿಗ್ರಿ ದಾಟದಂತೆ ಐದಾರು ವಾರ ಕಾಯುತ್ತೇನೆ.

ಈ ಲೆಕ್ಕ ತಿಳಿದ ಮೇಲೆ ನಮ್ಮ ಊರಿನ ಋತುಗಳನ್ನು ನೋಡುವ ರೀತಿಯೇ ಬದಲಾಯಿತು. ಮಳೆಗಾಲದ ಬೆಂಗಳೂರೂ ತಂಪೇ, ಆದರೆ ಆಗ ಬೆಳಕು ಸಾಲದು. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಕಿಗೆ ಬರವಿಲ್ಲ, ಆದರೆ ಸೆಕೆ ವಿಪರೀತ. ಎರಡೂ ಹದವಾಗಿ ಸಿಗುವುದು ದೀಪಾವಳಿಯಿಂದ ಸಂಕ್ರಾಂತಿಯ ತನಕ. ಡಿಸೆಂಬರ್‌ನಲ್ಲೂ ಹಗಲು 32 ಡಿಗ್ರಿ ದಾಟುವ ಮಂಗಳೂರಿನಲ್ಲಿ ಇದೇ ಗಿಡ ಮನೆಯೊಳಗೆ ಹೂ ಬಿಡುವುದು ಕಷ್ಟ. ಅಲ್ಲಿರುವ ನನ್ನ ಅತ್ತಿಗೆ ರಾತ್ರಿ ಎ.ಸಿ. ಹಾಕುವ ಮಲಗುವ ಕೋಣೆಯಲ್ಲಿ ಗಿಡವಿಟ್ಟು ಬೇಸತ್ತಿದ್ದರು; ಹಗಲೆಲ್ಲ ಎ.ಸಿ. ಓಡುವ ತಮ್ಮ ಕಚೇರಿಯ ಕಿಟಕಿಯ ಬಳಿಗೆ ಅದನ್ನು ಒಯ್ದ ಮೇಲೆ ದಂಟು ಬಂತು. ಎ.ಸಿ.ಯ ಗಾಳಿ ತೇವವನ್ನು ಹೀರುವುದರಿಂದ, ನೀರು ಮತ್ತು ಬೆಣಚುಕಲ್ಲು ತುಂಬಿದ ತಟ್ಟೆಯ ಮೇಲೆ, ಕುಂಡದ ತಳ ನೀರಿಗೆ ತಾಗದಂತೆ ಇಟ್ಟಿದ್ದಾರೆ.

ನೀರನ್ನು ಬೆಳಿಗ್ಗೆಯೇ ಹಾಕುತ್ತೇನೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಕೊಳೆತು ಗಿಡವೇ ಹೋಗುವುದರಿಂದ ಅದನ್ನು ಕಾಗದದಿಂದ ಒರೆಸುತ್ತೇನೆ. ಬೋರ್‌ವೆಲ್ ನೀರಿನ ಲವಣ ಬೇರಿಗೆ ಹಿಡಿಸದು, ಹಿಡಿದಿಟ್ಟ ಮಳೆನೀರು ಉತ್ತಮ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಹೂ ಬರಿಸುತ್ತದೆಂದು ಅಂಗಡಿಯವರು ಕೊಡುವ, ಸಾರಜನಕವಿಲ್ಲದೆ ರಂಜಕ ಮತ್ತು ಪೊಟ್ಯಾಷ್ ಮಾತ್ರ ಇರುವ 0:52:34ನ್ನು ಬಳಸಿಯೂ ನೋಡಿದ್ದೇನೆ, ಸೆಕೆಯ ಕೋಣೆಯಲ್ಲಿ ಅದರಿಂದ ಏನೂ ಆಗಲಿಲ್ಲ.

ಹೊಸದಾಗಿ ಹೊರಡುವುದು ಬೇರೋ ದಂಟೋ ಎಂದು ಮೊದಲ ವಾರ ಗೊತ್ತಾಗುವುದು ಕಷ್ಟ. ಬೇರಿನ ತುದಿ ನುಣುಪಾಗಿ, ದುಂಡಗೆ ಇರುತ್ತದೆ. ದಂಟಿನ ತುದಿ ಚಪ್ಪಟೆಯಾಗಿ, ಒಂದು ಬದಿಗೆ ಚೂಪಾಗಿ ಮೇಲಕ್ಕೆ ಮುಖಮಾಡಿರುತ್ತದೆ. ದಂಟೆಂದು ಖಚಿತವಾದ ಮೇಲೆ ಕುಂಡವನ್ನು ತಿರುಗಿಸಬಾರದು, ಏಕೆಂದರೆ ಬೆಳಕಿನ ಕಡೆಗೆ ಬಾಗುತ್ತ ಬೆಳೆಯುವ ದಂಟು ದಿಕ್ಕು ಬದಲಾದಂತೆಲ್ಲ ಸೊಟ್ಟಗಾಗುತ್ತದೆ. ಎಳೆಯದಾಗಿದ್ದಾಗಲೇ ಬಿದಿರಿನ ಕಡ್ಡಿಗೆ ಸಡಿಲವಾಗಿ ಕಟ್ಟುತ್ತೇನೆ. ದಂಟು ಕಂಡಂದಿನಿಂದ ಮೊದಲ ಹೂ ಅರಳಲು ಸುಮಾರು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಮೊಗ್ಗು ಹಳದಿಯಾಗಿ ಉದುರಿದರೆ ಅನೇಕರು ನೀರಿನ ಮೇಲೆ ಅನುಮಾನಪಡುತ್ತಾರೆ, ಆದರೆ ಪಕ್ಕದಲ್ಲಿ ಮಾಗುತ್ತಿರುವ ಬಾಳೆಗೊನೆಯನ್ನೂ ಗಮನಿಸಬೇಕು. ಹಣ್ಣು ಹೊರಬಿಡುವ ಎಥಿಲೀನ್ ಅನಿಲ ಮೊಗ್ಗುಗಳನ್ನು ಉದುರಿಸುತ್ತದೆ. ಹೊಗೆಯಲ್ಲೂ ಅದೇ ಅನಿಲವಿರುವುದರಿಂದ ಊದುಬತ್ತಿಯನ್ನೂ ಆ ಕೋಣೆಯಲ್ಲಿ ಹಚ್ಚುವುದಿಲ್ಲ.

ಹೂವೆಲ್ಲ ಮುಗಿದ ಮೇಲೆ ದಂಟು ಹಸಿರಾಗಿಯೇ ಇದ್ದರೆ, ಬುಡದಿಂದ ಮೂರನೇ ಗಿಣ್ಣಿನ ಮೇಲೆ, ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಿಂದ ಕತ್ತರಿಸುತ್ತೇನೆ. ಅಲ್ಲಿಂದ ಕವಲೊಡೆದು ಕೆಲವು ಹೂಗಳು ಮತ್ತೆ ಬರುವುದುಂಟು, ಒಮ್ಮೊಮ್ಮೆ ಮರಿಗಿಡವೂ ಹುಟ್ಟುತ್ತದೆ. ಎಲೆ ಮೂರಕ್ಕಿಂತ ಕಡಿಮೆಯಿರುವ, ಸೊರಗಿದ ಗಿಡವಾದರೆ ಈ ಆಸೆ ಬಿಟ್ಟು ದಂಟನ್ನು ಬುಡಕ್ಕೇ ಕತ್ತರಿಸಿ, ಮುಂಗಾರಿಗೆ ಮುನ್ನ ಹೊಸ ತೊಗಟೆಗೆ ಬದಲಿಸಿ, ಆ ವರ್ಷವೆಲ್ಲ ಬೇರು ಮತ್ತು ಎಲೆ ಬೆಳೆಸಿಕೊಳ್ಳಲು ಬಿಡುತ್ತೇನೆ.